ಒಂದೇ ರೈಟ್ ಗುರುತು

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಅಧಿಕಾರಿಗಳು ಇಸಿಲದ ಅಧಿಕಾರಿಗಳಿಗೆ ಕಳಿಸಿದ ಸಂದೇಶ ಅದು. ಮೊದಲು ಆರೋಗ್ಯ ವಿಚಾರಿಸಿ, ಆಮೇಲೆ ವಿಷಯ ಹೇಳುತ್ತದೆ. ನಡುವೆ ನೂರಾರು ವರ್ಷ ಆ ಬ್ರಾಹ್ಮೀ ಲಿಪಿ ಓದಬಲ್ಲವರೇ ಇರಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯನ್ನು ಬಿಡಿಸಿದರು, 1892ರಲ್ಲಿ ಬಿ. ಎಲ್. ರೈಸ್ ಈ ಶಾಸನವನ್ನು ಪತ್ತೆ ಹಚ್ಚಿದರು. ಅಲ್ಲಿಯವರೆಗೂ ಕಲ್ಲು ಕಾದಿತ್ತು.

ಮೊಬೈಲ್ ಸಂದೇಶವೂ ಕಾಯುತ್ತದೆ, ಆದರೆ ಅಷ್ಟು ಕಾಲ ಅಲ್ಲ.

ಬ್ರಹ್ಮಗಿರಿಯ ಹತ್ತಿರದ ಹಳ್ಳಿಯಲ್ಲಿ ನನ್ನ ಅಕ್ಕ ಒಬ್ಬಳೇ ಇದ್ದಾಳೆ. ವಯಸ್ಸು 78. ಹೋದ ವರ್ಷ ಒಂದು ದಿನ ಬೆಳಿಗ್ಗೆ ಚಳ್ಳಕೆರೆಯಿಂದ “ಮಾತ್ರೆ ತಗೊಂಡೆಯಾ ಅಕ್ಕಾ?” ಎಂದು ವಾಟ್ಸ್‌ಆ್ಯಪ್ ಕಳಿಸಿದೆ. ಸಂಜೆಯಾದರೂ ಒಂದೇ ರೈಟ್ ಗುರುತು. ಫೋನ್ ಮಾಡಿದರೆ ಸ್ವಿಚ್ ಆಫ್. ನನಗೆ ಕೈಕಾಲೇ ಆಡಲಿಲ್ಲ.

ಹೈಸ್ಕೂಲಿನ ಮೊಮ್ಮಗಳು ಪಕ್ಕದಲ್ಲಿ ಕೂತು ಹೇಳಿದಳು: “ಅಜ್ಜಾ, ಒಂದು ಗುರುತು ಅಂದ್ರೆ ನಿನ್ನ ಫೋನಿನಿಂದ ಹೊರಟಿದೆ ಅಂತ. ಎರಡಾದ್ರೆ ದೊಡ್ಡಜ್ಜಿ ಫೋನಿಗೆ ಮುಟ್ಟಿದೆ ಅಂತ. ದೊಡ್ಡಜ್ಜಿ ಹೇಗಿದ್ದಾಳೆ ಅಂತ ಅದು ಹೇಳಲ್ಲ.”

ಅವಳು ವಿವರಿಸಿದ್ದು ಹೀಗೆ. ನಾವು ಫೋನ್ ಆಫ್ ಮಾಡಿದಾಗ ಅದು ನೆಟ್‌ವರ್ಕಿಗೆ “ಹೋಗಿ ಬರ್ತೀನಿ” ಎಂದು ಹೇಳಿ ಹೋಗುತ್ತದೆ. ಗುಡ್ಡದ ಮರೆಗೆ ಸಿಗ್ನಲ್ ತಪ್ಪಿದರೆ ಹೇಳದೆ ಹೋದ ಹಾಗೆ. ನೆಟ್‌ವರ್ಕ್ ಕೂಗಿ ಕೂಗಿ, ಉತ್ತರ ಬರದಿದ್ದರೆ “ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ” ಎನ್ನುತ್ತದೆ. ಎಸ್ಸೆಮ್ಮೆಸ್ ಆದರೆ ಸಂದೇಶ ಕೇಂದ್ರದಲ್ಲಿ ಉಳಿಯುತ್ತದೆ. ಫೋನ್ ಮತ್ತೆ ಆನ್ ಆಗಿ “ಬಂದೆ” ಎಂದಾಗ ಕೈಗೆ ಸೇರುತ್ತದೆ. ಅದಕ್ಕೂ ಒಂದು ಗಡುವಿದೆ, ಮೀರಿದರೆ ಅಳಿಸಿಹೋಗುತ್ತದೆ. ತಲುಪದ ವಾಟ್ಸ್‌ಆ್ಯಪ್ ಸಂದೇಶಕ್ಕೆ 30 ದಿನ.

“ಹಾಗಾದ್ರೆ ಈಗ ಏನು ಮಾಡೋದು?” ಎಂದೆ.

“ಎದುರು ಮನೆಯವರಿಗೆ ಫೋನ್ ಮಾಡು.”

ಅವರು ಹೋಗಿ ನೋಡಿ, ತಮ್ಮ ಫೋನನ್ನೇ ಅಕ್ಕನ ಕೈಗೆ ಕೊಟ್ಟರು. ಗಾಳಿಮಳೆಗೆ ಹಿಂದಿನ ದಿನವೇ ಕರೆಂಟು ಹೋಗಿತ್ತು. ಅಕ್ಕ ಜಗಲಿಯ ಮೇಲೆ ಶೇಂಗಾ ಬಿಡಿಸುತ್ತಾ ಕೂತಿದ್ದಳಂತೆ. “ಸತ್ತಿರೋದು ಫೋನು ಕಣೋ, ನಾನಲ್ಲ!” ಎಂದು ನಕ್ಕಳು. ಮಾತ್ರೆಯನ್ನೂ ತಗೊಂಡಿದ್ದಳು.

ಈಗ ನಮ್ಮ ಮನೆಯ ಕ್ಯಾಲೆಂಡರಿನ ಮೇಲೆ ಅಕ್ಕನ ಊರಿನ ಎರಡು ಮನೆಗಳ ನಂಬರು ದಪ್ಪಕ್ಷರದಲ್ಲಿವೆ. ಮಕ್ಕಳೇ, ನಿಮ್ಮ ಅಜ್ಜ ಅಜ್ಜಿ ದೂರದಲ್ಲಿದ್ದರೆ ನೀವೂ ಹೀಗೆ ಬರೆದಿಡಿ. ಫೋನ್ ಮಾತಾಡದಿದ್ದಾಗ ಹೋಗಿ ಬಾಗಿಲು ತಟ್ಟುವವರು ಒಬ್ಬರು ಬೇಕು.