ನನ್ನಾಕೆ ಕಡಲಿಗಿಳಿದುದು

ಬಾಲ್ಯದಿಂದ ಈಜು ಬಲ್ಲವನು ನಾನು. ಕಡಲಲ್ಲಿ ಮುಳುಗಿ ಬಂದವಳು ನನ್ನಾಕೆ. ಇದು ಹೇಗಾಯಿತೆಂಬುದನ್ನು ಬಂಧುಬಳಗದವರೆಲ್ಲ ಅವಳ ಬಾಯಿಂದ ಈಗಾಗಲೇ ಕೇಳಿದ್ದಾರೆ. ನನ್ನ ಪಕ್ಷದ ಮಾತನ್ನೂ ಒಮ್ಮೆ ಹೇಳಿಕೊಳ್ಳುವುದು ನ್ಯಾಯವಲ್ಲವೆ?

ನಾನು ನಿವೃತ್ತನಾದ ವರ್ಷ ಮಗರಾಯ ನಮ್ಮಿಬ್ಬರನ್ನೂ ಮಾಲ್ಡೀವ್ಸಿಗೆ ಕಳುಹಿಸಿದ. ಬೆಂಗಳೂರಿನಿಂದ ಮಾಲೆಗೆ ವಿಮಾನದಲ್ಲಿ ಸುಮಾರು ಎರಡು ಗಂಟೆಯ ಹಾದಿ. ಅಲ್ಲಿಂದ ದೋಣಿಯಲ್ಲಿ ಮುಕ್ಕಾಲು ಗಂಟೆ. ಹೆಚ್ಚು ಕಡಮೆ 1,200 ದ್ವೀಪಗಳು ಹವಳದ ಉಂಗುರಗಳ ಮೇಲೆ ಚೆಲ್ಲಿಕೊಂಡಿರುವ ನಾಡದು. ನಾವಿಳಿದ ದ್ವೀಪವನ್ನು ಸುತ್ತಿ ಬರಲು ಹದಿನೈದು ನಿಮಿಷ ಸಾಕು. ಇಡೀ ದ್ವೀಪವೇ ಒಂದು ರೆಸಾರ್ಟು. ಮರದ ಸೇತುವೆಯ ಪಕ್ಕದಲ್ಲಿ ಒಂದು ಗುಡಿಸಲು. ಅದರ ಮುಂದೆ, ಗ್ಯಾಸ್ ಏಜೆನ್ಸಿಯ ಅಂಗಳದಲ್ಲಿರುವಂತೆ, ಸಾಲಾಗಿ ನಿಂತ ಸಿಲಿಂಡರುಗಳು. ಮುಳುಗುವುದನ್ನು ಕಲಿಸುವ ಸ್ಥಳ ಅದೇ.

ಕಲಿಸುವಾಕೆ ಆ ದೇಶದವಳೇ ಆದ ತರುಣಿ. ನನ್ನ ಜ್ಞಾನವನ್ನು ಪ್ರದರ್ಶಿಸಲೋಸುಗ, "ಇದರಲ್ಲಿರುವುದು ಆಮ್ಲಜನಕ ತಾನೆ?" ಎಂದೆ. ಆಕೆ ನಕ್ಕಳು. ಅದು ನಾವು ಉಸಿರಾಡುವ ಬರಿಯ ಗಾಳಿಯಂತೆ, ಇನ್ನೂರು ಪಟ್ಟು ಒತ್ತಡದಲ್ಲಿ ತುಂಬಿದ್ದು. ಶುದ್ಧ ಆಮ್ಲಜನಕವಾದರೆ ಆರೇಳು ಮೀಟರು ಆಳದಲ್ಲಿಯೇ ವಿಷವಾಗತೊಡಗುವುದಂತೆ. ನನ್ನ ಮೊದಲ ಸೋಲು ಅದು.

ಎರಡನೆಯದು ಒಂದು ಹಾಳೆಯ ರೂಪದಲ್ಲಿ ಬಂದಿತು. ಆಸ್ತಮಾ ಉಂಟೆ? ಕಿವಿಯ ತೊಂದರೆ ಉಂಟೆ? ರಕ್ತದ ಒತ್ತಡಕ್ಕೆ ಔಷಧ ಸೇವಿಸುತ್ತೀರಾ? ಒಂಬತ್ತು ವರ್ಷಗಳಿಂದ ದಿನವೂ ಬೆಳಿಗ್ಗೆ ಒಂದು ಗುಳಿಗೆ ನುಂಗುತ್ತಿರುವ ನಾನು ಎಲ್ಲಕ್ಕೂ ಗಂಭೀರವಾಗಿ "ಇಲ್ಲ" ಎಂದು ಗುರುತು ಹಾಕುತ್ತ ಹೋದೆ. ಹಿಂದಿನಿಂದ ಧ್ವನಿ ಕೇಳಿಸಿತು:

"ರೀ, ಬೆಳಿಗ್ಗೆ ನುಂಗಿದ್ದು ಪೆಪ್ಪರಮೆಂಟೇನು?"

"ಸುಮ್ಮನಿರೆ, ಇವರಿಗೇನು ಗೊತ್ತಾಗುತ್ತೆ!"

"ಇವರಿಗೆ ಗೊತ್ತಾಗದೆ ಇರಬಹುದು. ನಿಮ್ಮ ಎದೆಗೆ ಗೊತ್ತಾಗಲ್ವೆ?"

ನಾನು ಕಣ್ಣು ಬಿಟ್ಟೆ. ಅವಳೋ, ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ಆ ಹುಡುಗಿಗೆ ಎಲ್ಲವನ್ನೂ ಒಪ್ಪಿಸಿಬಿಟ್ಟಳು. ದ್ವೀಪದ ವೈದ್ಯರು ಅಳೆದಾಗ 170/100. ಅದರಲ್ಲಿ ಒಂದಿಷ್ಟು ಪಾಲು ನನ್ನಾಕೆಯದೆಂದು ಈಗಲೂ ನನ್ನ ವಾದ. ನೀರಿನೊಳಗೆ ಕೈಕಾಲುಗಳ ರಕ್ತ ಎದೆಯ ಕಡೆ ಸರಿಯುತ್ತದೆ, ಗುಂಡಿಗೆಗೆ ಹೊರೆ ಹೆಚ್ಚುತ್ತದೆ, ಇಂಥವರಿಗೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವುದೂ ಉಂಟು, ಎಂದು ವೈದ್ಯರು ಶಾಂತವಾಗಿಯೇ ತಿಳಿಸಿದರು. ನಾಳೆಗೆ ನೋಡೋಣವೆಂದರೆ ನಾಳೆ ಸಂಜೆ ವಿಮಾನ. ಮುಳುಗಿದವರ ಮೈಯಲ್ಲಿ ಕರಗಿದ ಸಾರಜನಕ ನಿಧಾನವಾಗಿ ಹೊರಬೀಳಬೇಕು. ಅವಸರಪಟ್ಟು ಆಕಾಶಕ್ಕೇರಿದರೆ ಮುಚ್ಚಳ ತೆಗೆದ ಸೋಡಾ ಬಾಟಲಿಯಂತೆ ರಕ್ತದಲ್ಲಿ ಗುಳ್ಳೆಯೇಳುವ ಭಯ. ಕಡಮೆಯೆಂದರೂ ಹನ್ನೆರಡು ಗಂಟೆ, ಹದಿನೆಂಟಾದರೆ ಲೇಸು, ನೆಲದ ಮೇಲಿರಬೇಕಂತೆ. ಅಲ್ಲಿಗೆ ನನ್ನ ಮೊಕದ್ದಮೆ ವಜಾ.

"ನೀವು ಬರುವಿರಾ?" ಎಂದು ಹುಡುಗಿ ನನ್ನಾಕೆಯನ್ನು ಕೇಳಿದಳು.

ಅವಳು ಉತ್ತರ ಕೊಡದೆ ನೀರನ್ನೇ ನೋಡುತ್ತಿದ್ದಳು. ಅವಳ ತವರು ತೀರ್ಥಹಳ್ಳಿ. ಅಣ್ಣಂದಿರು ತುಂಗೆಗೆ ಧುಮುಕಿ ಈಜುವಾಗ ಇವಳನ್ನು ಮೆಟ್ಟಿಲ ಮೇಲೆ ಬಟ್ಟೆ ಕಾಯಲು ಕೂರಿಸುತ್ತಿದ್ದರಂತೆ, ಹೆಣ್ಣುಮಕ್ಕಳಿಗೇಕೆ ಈಜು? ಐವತ್ತನಾಲ್ಕನೆಯ ವಯಸ್ಸಿನಲ್ಲಿ, ಮಂಡಿನೋವಿಗೆ ಒಳ್ಳೆಯದೆಂದು ಡಾಕ್ಟರು ಹೇಳಿದಾಗ, ಬಡಾವಣೆಯ ಈಜುಕೊಳಕ್ಕೆ ಸೇರಿದಳು. "ಎಮ್ಮೆ ಕೆರೆಗಿಳಿಯಿತು" ಎಂದು ನಾನು ಮಕ್ಕಳೆದುರಿಗೆ ಹಾಸ್ಯ ಮಾಡಿದ್ದುಂಟು. ಆ ಮಾತನ್ನು ಆಡಬಾರದಾಗಿತ್ತು.

"ಬರ್ತೀನಿ" ಎಂದಳು. ಬಳೆ, ಕನ್ನಡಕ, ಟವಲು ನನ್ನ ಮಡಿಲಿಗೆ ಬಂದುವು.

ಮೊದಲು ಎದೆಮಟ್ಟದ ನೀರಿನಲ್ಲಿ ಪಾಠ. ಉಸಿರು ಕಟ್ಟಿ ಹಿಡಿಯಕೂಡದೆಂಬುದು ಮೊದಲ ಸೂತ್ರ. ಹತ್ತು ಮೀಟರು ಕೆಳಗೆ ಒತ್ತಡ ಇಮ್ಮಡಿ. ಅಲ್ಲಿ ಎಳೆದುಕೊಂಡ ಗಾಳಿಯನ್ನು ಹಿಡಿದಿಟ್ಟು ಮೇಲೇರಿದರೆ ಅದು ಹಿಗ್ಗಿ ಶ್ವಾಸಕೋಶವನ್ನೇ ಹರಿಯಬಹುದು. ಕಿವಿ ನೋಯುವ ಮೊದಲೇ ಮೂಗು ಹಿಡಿದು ಮೆಲ್ಲಗೆ ಊದಬೇಕು. ಹೊಸಬರು 12 ಮೀಟರಿನಿಂದಾಚೆಗೆ ಇಳಿಯುವಂತಿಲ್ಲ. ಹೊರಡುವಾಗ ನಾನು ಉತ್ಸಾಹದಿಂದ ಹೆಬ್ಬೆರಳೆತ್ತಿ ತೋರಿಸಿದೆ. ನನ್ನಾಕೆ ಬಾಯಿಂದ ನಳಿಗೆಯನ್ನು ತೆಗೆದು, "ರೀ, ಹಾಗೆ ತೋರಿಸಿದರೆ 'ಮೇಲೆ ಬಾ' ಅಂತ ಅರ್ಥ!" ಎಂದು ಗದರಿ, ಬೆರಳುಗಳಿಂದ ಸೊನ್ನೆ ಮಾಡಿ ತೋರಿಸಿ ಮುಳುಗಿದಳು.

ಉಳಿದುದು ಗುಳ್ಳೆಗಳು. ಎರಡು ಕಡೆ ಏಳುತ್ತಿದ್ದುವು. ಸೇತುವೆಯ ತುದಿಯಲ್ಲಿ ಕುಳಿತು ಎರಡನ್ನೂ ಎಣಿಸುತ್ತಿದ್ದೆ. ಒಮ್ಮೆ ಒಂದೇ ಕಡೆ ಕಾಣಿಸಿತು. ಎದ್ದು ನಿಂತೆ. ಆಗ ಯಾರಾದರೂ ನನ್ನ ರಕ್ತದ ಒತ್ತಡವನ್ನು ಅಳೆದಿದ್ದರೆ ಯಂತ್ರವೇ ಒಡೆಯುತ್ತಿತ್ತು. ಆಫೀಸಿನಿಂದ ತಡವಾಗಿ ಬಂದ ರಾತ್ರಿಗಳಲ್ಲಿ ಇವಳು ಬಾಗಿಲಲ್ಲಿ ನಿಂತಿರುತ್ತಿದ್ದುದು ಏಕೋ ನೆನಪಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಎರಡು ಕಡೆ ಗುಳ್ಳೆ. ಪಕ್ಕಪಕ್ಕದಲ್ಲಿ ಈಜುತ್ತಿದ್ದರು, ಅಷ್ಟೆ.

ಮೂವತ್ತೈದು ನಿಮಿಷದ ಮೇಲೆ ಎದ್ದು ಬಂದವಳು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ನಿಲ್ಲಿಸಲಿಲ್ಲ. ತನ್ನ ಕೆಂಪು ಉಡುಪು ಕೆಳಗೆ ಬೂದಿ ಬಣ್ಣಕ್ಕೆ ತಿರುಗಿತಂತೆ. ನೀರು ಮೊದಲು ನುಂಗುವುದು ಕೆಂಪನ್ನೇ. ಗಿಳಿಮೀನುಗಳು ಬಂಡೆಯನ್ನು ಕಡಿಯುವ ಸದ್ದು ಹುರಿಗಡಲೆ ಜಗಿದಂತೆ ಕರಕರನೆ ಕೇಳುತ್ತಿತ್ತಂತೆ. ಆ ಮೀನುಗಳ ಹೊಟ್ಟೆಯಿಂದ ಹೊರಬಿದ್ದುದೇ ಈ ಬಿಳಿಯ ಮರಳಿನಲ್ಲಿ ಬಹುಪಾಲು ಎಂದು ಹುಡುಗಿ ತಿಳಿಸಿದಾಗ, ಮೂರು ದಿನ ಬರಿಗಾಲಲ್ಲಿ ನಡೆದಾಡಿದ ನಾವು ಮುಖ ಮುಖ ನೋಡಿಕೊಂಡೆವು.

"ಆದರೆ ಚಿತ್ರದಲ್ಲಿದ್ದ ಹಾಗಿಲ್ಲ ರೀ" ಎಂದಳು, ಧ್ವನಿ ತಗ್ಗಿಸಿ. "ಎಷ್ಟೋ ಕಡೆ ಒಡೆದ ಮಡಕೆಯ ಚೂರಿನ ರಾಶಿ." 1998ರಲ್ಲಿಯೂ 2016ರಲ್ಲಿಯೂ ಕಡಲು ಬಿಸಿಯೇರಿ ಆ ಭಾಗದ ಹವಳಗಳು ಬೆಳ್ಳಗೆ ಬಿಳಿಚಿಕೊಂಡು ಅಪಾರವಾಗಿ ಸತ್ತಿದ್ದುವು. ಚೂರುಗಳ ನಡುವೆ ಹೆಬ್ಬೆರಳ ಗಾತ್ರದ ಹೊಸ ಕುಡಿಗಳನ್ನು ಹುಡುಗಿ ಒಂದೊಂದಾಗಿ ತೋರಿಸಿದಳಂತೆ. ಇವಳು ಹದಿನೇಳನ್ನು ಎಣಿಸಿದ್ದಳು.

ಊರಿಗೆ ಬಂದಂದಿನಿಂದ ನಮ್ಮ ಮನೆಯ ಸಾರಿಗೆ ಉಪ್ಪು ಅರ್ಧ. ಉಪ್ಪಿನಕಾಯಿಯ ಜಾಡಿ ನನ್ನ ಕೈಗೆಟುಕದ ಗೂಡನ್ನು ಸೇರಿದೆ. ಬೆಳಗಿನ ನಡಿಗೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಕಳೆದ ವಾರ ಡಾಕ್ಟರು ಅಳೆದಾಗ 138/86 ಇತ್ತು. ವೈದ್ಯರ ರುಜುವಿಗಾಗಿ ಖಾಲಿ ಬಿಟ್ಟಿರುವ ಇನ್ನೊಂದು ಹಾಳೆಯನ್ನು ಅವಳು ಆ ದ್ವೀಪದಿಂದಲೇ ಕೇಳಿ ತಂದಿದ್ದಾಳೆ; ಅದು ಈಗ ದೇವರಮನೆಯಲ್ಲಿ, ಪಂಚಾಂಗದ ನಡುವೆ ಇದೆ.