ಜೋಕರ್ ಕೈಯಲ್ಲಿದ್ದರೆ ಸಾಲದು, ಒರಿಜಿನಲ್ ಇರಬೇಕು

ಯುಗಾದಿ ಬಂತೆಂದರೆ ನಮ್ಮ ಮಂಡ್ಯ ಕಡೆ ಬೇವು-ಬೆಲ್ಲದಷ್ಟೇ ಖಾಯಂ ಆಗಿ ಮನೆಗೆ ಬರುವುದು ಇಸ್ಪೀಟು ಕಟ್ಟು. ಹಬ್ಬದ ದಿನ ಮತ್ತು ಮಾರನೇ ದಿನದ ಹೊಸತೊಡಕಿನಲ್ಲಿ ಅರಳಿಕಟ್ಟೆ, ತೆಂಗಿನ ತೋಟ, ಪಂಪ್‌ಸೆಟ್ ಮನೆ, ಎಲ್ಲಿ ನೋಡಿದರೂ ಎಲೆ ಹಿಡಿದು ಕೂತವರೇ. ದುಡ್ಡಿಟ್ಟು ಅಂದರ್-ಬಾಹರ್ ಆಡುವವರ ಕಥೆ ಬೇರೆ. ನಾವು ಹೇಳಹೊರಟಿರುವುದು ಮನೆಯ ಹಜಾರದಲ್ಲಿ ಚಾಪೆ ಹಾಸಿ, ಹುಣಸೆ ಬೀಜ ಇಟ್ಟುಕೊಂಡು ಆಡುವ ಹದಿಮೂರೆಲೆ ರಮ್ಮಿಯ ಬಗ್ಗೆ. ಅದರಲ್ಲೂ ಜೋಕರ್ ಬಗ್ಗೆ.

ನಮಗೆ ರಮ್ಮಿ ಕಲಿಸಿದ್ದು ಸೋದರತ್ತೆ. ಹಬ್ಬದ ಅಡುಗೆ ಮುಗಿಸಿ, ಪಾತ್ರೆ ತೊಳೆದಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಚಾಪೆ ಮೇಲೆ ಬಂದು ಕೂತರೆ ಮನೆಯಲ್ಲಿ ಅವರನ್ನು ಗೆಲ್ಲುವವರಿರಲಿಲ್ಲ. ನಾವು ಮಕ್ಕಳೆಲ್ಲ ಜೋಕರ್ ಬಂದ ಕೂಡಲೇ ಮುಖ ಅರಳಿಸುತ್ತಿದ್ದೆವು. ಅತ್ತೆ ನಮ್ಮ ಮುಖ ನೋಡಿಯೇ ಯಾರ ಕೈಲಿ ಜೋಕರ್ ಇದೆ ಅಂತ ಹೇಳಿಬಿಡೋರು. ಆಮೇಲೆ ಅನ್ನೋರು: "ಜೋಕರ್ ಅನ್ನೋದು ಹಬ್ಬಕ್ಕೆ ಬಂದ ನೆಂಟ್ರು ಇದ್ದಂಗೆ ಕಣ್ರೋ. ಬಂದ್ರೆ ಒಂದು ಕೈ ಹಾಕ್ತಾರೆ, ನಿಜ. ಆದ್ರೆ ಅವ್ರನ್ನೇ ನಂಬ್ಕೊಂಡು ಒಲೆ ಹಚ್ಚಬಾರ್ದು."

ಆಟ ಗೊತ್ತಿಲ್ಲದವರಿಗೆ ಎರಡು ಮಾತಲ್ಲಿ ಹೇಳುತ್ತೇವೆ. ಎರಡು ಕಟ್ಟು ಸೇರಿಸಿ ಕಲಸಿ, ಒಬ್ಬೊಬ್ಬರಿಗೆ 13 ಎಲೆ ಹಂಚುತ್ತಾರೆ. ಒಂದೊಂದು ಎಲೆ ಎತ್ತಿ ಒಂದೊಂದು ಎಲೆ ಬಿಡುತ್ತಾ, ಕೈಯಲ್ಲಿರುವುದನ್ನೆಲ್ಲ ಸಾಲು ಅಥವಾ ಸೆಟ್ ಮಾಡಿ ಮುಗಿಸಬೇಕು. ಒಂದೇ ಬಣ್ಣದ 8, 9, 10 ಹೀಗೆ ಕ್ರಮವಾಗಿ ಬಂದರೆ ಸಾಲು. ಬೇರೆ ಬೇರೆ ಬಣ್ಣದ ಮೂರು ಎಂಟು ಸೇರಿದರೆ ಸೆಟ್. ಹಂಚಿದ ಮೇಲೆ ಒಂದು ಎಲೆ ತೆಗೆದು ಕಟ್ಟಿನ ಕೆಳಗೆ ಕಾಣುವಂತೆ ಇಡುತ್ತಾರೆ. ಅದು ಕಳಾವರ್ 6 ಆದರೆ, ಆ ಆಟಕ್ಕೆ ಎಲ್ಲ ಬಣ್ಣದ ಆರೂ ಜೋಕರ್. ಚಿತ್ರದ ಜೋಕರ್ ಹೇಗೂ ಜೋಕರ್. ಜೋಕರ್ ಯಾವ ಎಲೆಯ ಜಾಗದಲ್ಲಿ ಬೇಕಾದರೂ ನಿಲ್ಲುತ್ತದೆ.

ಆದರೆ ಒಂದು ಕಡೆ ಮಾತ್ರ ನಿಲ್ಲುವುದಿಲ್ಲ. ಎರಡು ಸಾಲು ಇರಲೇಬೇಕು, ಅದರಲ್ಲಿ ಒಂದು ಸಾಲು ಜೋಕರಿನ ಸಹಾಯ ಇಲ್ಲದೆ ಆಗಿರಬೇಕು. ಆಟಗಾರರು ಇದನ್ನೇ 'ಒರಿಜಿನಲ್' ಅನ್ನುವುದು. ಅದಿಲ್ಲದಿದ್ದರೆ ಕೈಯಲ್ಲಿ ಏನಿದ್ದರೂ ಲೆಕ್ಕಕ್ಕಿಲ್ಲ.

ಒಂದು ಕೈ ನೋಡಿ. ಮೂರು ಜೋಕರ್ ಬಂದಿವೆ. ಮೂರು ರಾಜ, ಎರಡು ರಾಣಿ, ಎರಡು ಗುಲಾಮ, ಜೊತೆಗೆ ಬಣ್ಣ ಕೂಡದ ಒಂದು 9, ಒಂದು 8, ಒಂದು 5. ನೋಡೋಕೆ ಎಂಥ ಕೈ! ಆದರೆ ಒರಿಜಿನಲ್ ಆಗುವ ಮೊದಲೇ ಪಕ್ಕದವರು ಶೋ ಮಾಡಿದರೆ ಏನಾಗುತ್ತದೆ? ಜೋಕರಿಗೆ ಸೊನ್ನೆ. ರಾಜ, ರಾಣಿ, ಗುಲಾಮನಿಗೆ ತಲಾ ಹತ್ತರಂತೆ 70. ಉಳಿದ ಮೂರಕ್ಕೆ 22. ಒಟ್ಟು 92. ಒಂದು ಆಟಕ್ಕೆ 80ಕ್ಕಿಂತ ಹೆಚ್ಚು ಬರೆಯುವುದಿಲ್ಲ, ಹಾಗಾಗಿ ಪೂರ್ತಿ 80 ತಲೆಗೆ. ಮೂರು ಜೋಕರ್ ಇದ್ದವರು ಎಂಬತ್ತು ಹೊತ್ತುಕೊಂಡು ಏಳುವುದನ್ನು ನಾವು ಎಷ್ಟು ಸಲ ನೋಡಿದ್ದೇವೋ!

ಅತ್ತೆ ಹೇಳಿಕೊಟ್ಟ ಮೊದಲ ಪಾಠ ಇದೇ. ಎಲೆ ಕೈಗೆ ಬಂದಾಗ ಜೋಕರ್‌ಗಳನ್ನು ಒಂದು ತುದಿಗೆ ಸರಿಸಿಬಿಡಿ, ಅವು ಇಲ್ಲ ಅಂದುಕೊಳ್ಳಿ. ಉಳಿದ ಎಲೆಯಲ್ಲಿ ಒರಿಜಿನಲ್ ಎಲ್ಲಿ ಆಗಬಹುದು ಅಂತ ಹುಡುಕಿ. ಅದು ಆದ ಮೇಲೆ ಜೋಕರ್ ಕಡೆ ನೋಡಿ.

ಎರಡನೇ ಪಾಠ, ಜೋಕರನ್ನು ಎಲ್ಲಿ ಹಾಕಬೇಕು ಅನ್ನುವುದು. ಆಟೀನ್ 9 ಮತ್ತು 10 ಇದೆ ಅಂದುಕೊಳ್ಳಿ. ಅದಕ್ಕೆ 8 ಬಂದರೂ ಆದೀತು, ಗುಲಾಮ ಬಂದರೂ ಆದೀತು. ಎರಡು ಕಟ್ಟಿನಲ್ಲಿ ಅಂಥ ಎಲೆ ನಾಲ್ಕಿವೆ. ಅದೇ 9 ಮತ್ತು ಗುಲಾಮ ಇದ್ದರೆ ನಡುವಿನ 10 ಒಂದೇ ಬೇಕು. ಅದು ಇರುವುದು ಎರಡೇ. ನಾಲ್ಕು ದಾರಿ ಇರುವ ಕಡೆ ಕಾಯಬಹುದು. ಎರಡೇ ದಾರಿ ಇರುವ ಕಡೆ ಜೋಕರ್ ಹಾಕಿ ಮುಗಿಸಿ. ತಾನಾಗಿ ಬರುವ ಎಲೆಯ ಜಾಗಕ್ಕೆ ಜೋಕರ್ ಕೂರಿಸಿದರೆ ಅದು ದಂಡ.

ಮೂರನೆಯದು ಸ್ವಲ್ಪ ಸೂಕ್ಷ್ಮ. 6 ಜೋಕರ್ ಆದ ಆಟದಲ್ಲಿ ಆರನ್ನು ಯಾರೂ ಕೈಯಿಂದ ಬಿಡುವುದಿಲ್ಲ. ಆರು ಸಿಗದಿದ್ದರೆ ಅದರ ಅಕ್ಕಪಕ್ಕದ 5 ಮತ್ತು 7 ಸಾಲಿಗೆ ಸೇರುವುದು ಕಷ್ಟ. ಹಾಗಾಗಿ ಜನ 5, 7 ಬೇಗ ಬಿಡುತ್ತಾರೆ. ನಿಮ್ಮ ಕೈಯಲ್ಲಿ ಒಂದೇ ಬಣ್ಣದ 3, 4 ಇದ್ದರೆ ಐದಕ್ಕೆ ಕಾಯಿರಿ, ಕೆಳಗೆ ಬೀಳುವ ಸಾಧ್ಯತೆ ಜಾಸ್ತಿ. 8, 9 ಇದ್ದರೆ ಏಳರ ಮೇಲೆ ಕಣ್ಣಿಡಿ.

ಇನ್ನೊಂದು ಮಾತು ಬಹಳ ಜನ ಮರೆಯುತ್ತಾರೆ. ಜೋಕರ್ ಆದ ಆರು ತನ್ನ ಸ್ವಂತ ಜಾಗದಲ್ಲಿ ನಿಂತರೆ ಅದು ಜೋಕರ್ ಅಲ್ಲ. ಇಸ್ಪೀಟ್ 5, ಇಸ್ಪೀಟ್ 6, ಇಸ್ಪೀಟ್ 7 ಸೇರಿದರೆ ಅದು ಅಪ್ಪಟ ಒರಿಜಿನಲ್. ಕೈಯಲ್ಲಿ ಬೇರೆ ಒರಿಜಿನಲ್ ಇಲ್ಲದಾಗ ಜೋಕರನ್ನು ಅದರ ಪಾಡಿಗೆ ಆರಾಗಿಯೇ ಇಟ್ಟುಕೊಳ್ಳುವುದು ಜಾಣತನ. ಆಸೆ ಬಿಟ್ಟವರಿಗೆ ಮಾತ್ರ ಇದು ಹೊಳೆಯುತ್ತದೆ.

ಕೊನೆಯ ಪಾಠ, ಎಲೆ ಕೆಳಗಿಡುವುದು. ಎಲ್ಲ ಆಟದಲ್ಲೂ ಜೋಕರ್ ಬರುವುದಿಲ್ಲ. ನಾವು ಕೂತು ಲೆಕ್ಕ ಹಾಕಿದೆವು. ಎರಡು ಕಟ್ಟು, ಕಟ್ಟಿಗೊಂದು ಚಿತ್ರದ ಜೋಕರ್ ಅಂದರೆ ಒಟ್ಟು 106 ಎಲೆ. ಒಂದು ತೆರೆದಿಟ್ಟರೆ ಉಳಿದ 105ರಲ್ಲಿ ಜೋಕರ್ ಒಂಬತ್ತು. ಒಬ್ಬರ ಕೈಗೆ ಸರಾಸರಿ ಒಂದು ಚೂರು ಹೆಚ್ಚು. ಹತ್ತು ಸಲ ಎಲೆ ಹಂಚಿದರೆ ಸುಮಾರು ಮೂರು ಸಲ ಒಂದು ಜೋಕರೂ ಇಲ್ಲದ ಕೈ ಬರುತ್ತದೆ. ನೂರಾ ಒಂದರ ಆಟದಲ್ಲಿ ಎಲೆ ಎತ್ತುವ ಮೊದಲೇ ಡ್ರಾಪ್ ಆದರೆ 20, ನಡುವೆ ಆದರೆ 40, ಸಿಕ್ಕಿಬಿದ್ದರೆ 80. ಒಂದು ಸಲ ಸಿಕ್ಕಿಬೀಳುವುದೂ ನಾಲ್ಕು ಸಲ ಮೊದಲೇ ಇಳಿಯುವುದೂ ಒಂದೇ ತೂಕ. ಅತ್ತೆ ಗೆಲ್ಲುತ್ತಿದ್ದ ಗುಟ್ಟು ಅರ್ಧ ಇಲ್ಲೇ ಇತ್ತು. ಒರಿಜಿನಲ್ಲೂ ಕಾಣದೆ ಜೋಕರೂ ಇಲ್ಲದಿದ್ದರೆ ಒಂದು ಮಾತಾಡದೆ ಎಲೆ ಮಡಚಿ, ಎದ್ದು ಹೋಗಿ ಕಾಫಿ ಕಾಯಿಸೋರು.

ಇಷ್ಟೆಲ್ಲ ಯಾಕೆ ಬರೆದೆವು ಅಂದರೆ, ಇಷ್ಟೆಲ್ಲ ಚೆನ್ನಾಗಿ ಗೊತ್ತಿದ್ದ ಒಬ್ಬ ಹುಡುಗ ನಮ್ಮ ಹೋಬಳಿಯಲ್ಲಿದ್ದಾನೆ. ಹೆಸರು ಬೇಡ ಅಂದಿದ್ದಾನೆ. ಗದ್ದೆಗೆ ರಾತ್ರಿ ಕರೆಂಟ್ ಕೊಡುವ ದಿನ ಮೋಟಾರ್ ಹಾಕಿ, ನೀರು ಕಟ್ಟುತ್ತಾ, ಫೋನಿನಲ್ಲಿ ದುಡ್ಡಿನ ರಮ್ಮಿ ಶುರು ಮಾಡಿದ. ಸೇರಿದ ಕೂಡಲೇ ಬೋನಸ್ ಬಂತು. ಮೊದಮೊದಲು ಗೆದ್ದ ಕೂಡ. ಆಮೇಲೆ ಡೈರಿ ಬಟವಾಡೆ ಹೋಯಿತು, ಕಬ್ಬಿನ ದುಡ್ಡು ಹೋಯಿತು. ಒಂದು ಹಸುವಿನ ಬೆಲೆ ಕಳೆದ ಮೇಲೆ ಅವನ ಅವ್ವನಿಗೆ ಗೊತ್ತಾಗಿದ್ದು. "ಆಟ ಬರದಿದ್ರೆ ಬೇಗ ಬಿಟ್ಬುಡ್ತಿದ್ದೆ. ಆಟ ಬರ್ತಿತ್ತಲ್ಲ, ಅದಕ್ಕೇ ಬಿಡಕ್ಕಾಗ್ಲಿಲ್ಲ" ಅಂದ.

ಅವನ ಮಾತು ನಮ್ಮನ್ನು ಬಹಳ ದಿನ ಕಾಡಿತು. ರಮ್ಮಿ ಬುದ್ಧಿಯ ಆಟ ಅನ್ನುವುದು ಸುಳ್ಳಲ್ಲ. ವಕೀಲರು 1968ರ ತೀರ್ಪೆಂದು ಉಲ್ಲೇಖಿಸುವ ಕೆ. ಸತ್ಯನಾರಾಯಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಹೇಳಿದೆ. ಬಿದ್ದ ಎಲೆ ನೆನಪಿಡಬೇಕು, ಯಾವುದು ಹಿಡಿಯಬೇಕು ಯಾವುದು ಬಿಡಬೇಕು ಗೊತ್ತಿರಬೇಕು, ಹಾಗಾಗಿ ಇದು ಮುಖ್ಯವಾಗಿ ಕೌಶಲದ ಆಟ ಅಂತ. ಅದು ಸಿಕಂದರಾಬಾದಿನ ಒಂದು ಕ್ಲಬ್ಬಿನ ಪ್ರಕರಣ. ಅದೇ ತೀರ್ಪಿನಲ್ಲಿ ಇನ್ನೊಂದು ಎಚ್ಚರಿಕೆಯೂ ಇದೆ. ಆಡಿಸುವವರು ಆಟದಿಂದಲೇ ಲಾಭ ಮಾಡಿಕೊಳ್ಳುತ್ತಿದ್ದರೆ ಅದು ಅಪರಾಧ ಆಗಬಹುದು ಅಂತ. ಜಾಹೀರಾತಿನವರು ಮೊದಲ ಮಾತು ಹೇಳಿದರು, ಎರಡನೆಯದನ್ನು ಬಿಟ್ಟರು.

ಆ ಎರಡನೇ ಮಾತಿನ ಅರ್ಥ ನಮ್ಮ ಚಾಪೆಯ ಮೇಲಿನ ಹುಣಸೆ ಬೀಜದಲ್ಲೇ ಇದೆ. ನಾವು ನಾಲ್ವರು ತಲಾ ನೂರು ಬೀಜ ಇಟ್ಟು ಕೂತರೆ, ಬೆಳಗಿನ ಜಾವ ಎಣಿಸಿದಾಗಲೂ ನಾನೂರೇ ಇರುತ್ತವೆ. ಒಬ್ಬರದು ಇನ್ನೊಬ್ಬರ ಮುಂದೆ ಹೋಗಿರುತ್ತದೆ, ಅಷ್ಟೆ. ದುಡ್ಡಿನ ಆ್ಯಪ್‌ನಲ್ಲಿ ಹಾಗಲ್ಲ. ಪ್ರತಿ ಆಟಕ್ಕೂ ಆಡಿಸುವವರು ತಮ್ಮ ಪಾಲು ತೆಗೆದುಕೊಳ್ಳುತ್ತಿದ್ದರು. ಉದಾಹರಣೆಗೆ ನೂರಕ್ಕೆ ಹತ್ತು ಅಂತಿಟ್ಟುಕೊಳ್ಳಿ. ನಾನೂರು ಒಂದು ಆಟಕ್ಕೆ 360 ಆಗುತ್ತದೆ. ಹಳ್ಳಿಯಲ್ಲಿ ಒಂದು ಹಬ್ಬಕ್ಕೆ ಆಡುವಷ್ಟು ಆಟವನ್ನು ಫೋನಿನಲ್ಲಿ ಒಂದೇ ರಾತ್ರಿ ಆಡಬಹುದು. ಎದುರಿಗಿರುವವರೂ ನಿಮ್ಮಷ್ಟೇ ಜಾಣರಾದರೆ ಕೊನೆಗೆ ಯಾರ ಮುಂದೆಯೂ ಬೀಜ ಉಳಿಯುವುದಿಲ್ಲ. ಜೋಕರನ್ನು ಎಷ್ಟು ಚೆನ್ನಾಗಿ ಹಾಕಿದರೂ ಈ ಲೆಕ್ಕ ಬದಲಾಗದು.

ಕಾನೂನಿನ ಮಾತು ಹೇಳುವುದಾದರೆ, ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ದುಡ್ಡಿನ ಆಟ ನಿಷೇಧಿಸಿತ್ತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಇಡೀ ದೇಶಕ್ಕೆ ಹೊಸ ಕಾಯ್ದೆ ಮಾಡಿತು. ಕೌಶಲವೋ ಅದೃಷ್ಟವೋ, ದುಡ್ಡಿಟ್ಟು ಆಡುವ ಆನ್‌ಲೈನ್ ಆಟ ಯಾವುದನ್ನೂ ನಡೆಸುವಂತಿಲ್ಲ ಅನ್ನುತ್ತದೆ ಅದು. ಅದರಲ್ಲಿ ಶಿಕ್ಷೆ ಇರುವುದು ಆಡಿಸುವವರಿಗೆ, ಆಡಿ ಕಳೆದುಕೊಂಡವರಿಗಲ್ಲ. ಹಾಗಾಗಿ ಕಳೆದುಕೊಂಡವರು ಕೇಸಿಗೆ ಹೆದರಿ ಮನೆಯವರಿಂದ ಬಚ್ಚಿಡಬೇಕಾಗಿಲ್ಲ.

ಬಚ್ಚಿಡುವುದರಿಂದಲೇ ಇಪ್ಪತ್ತು ಎಂಬತ್ತಾಗುವುದು. ನಿಮ್ಮ ಮನೆಯ ಹುಡುಗರು ಸಿಕ್ಕಿಕೊಂಡಿದ್ದರೆ ಬೈಯುವ ಮೊದಲು ಕೂರಿಸಿ ಕೇಳಿ. ನಿದ್ದೆ ಬಿಟ್ಟು ಒಳಗೊಳಗೇ ಕುಗ್ಗುತ್ತಿದ್ದರೆ 14416ಕ್ಕೆ ಫೋನ್ ಮಾಡಿಸಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕಾಸಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನು, ಆಟದ ಗೀಳಿಗೆಂದೇ ಪ್ರತ್ಯೇಕ ಕ್ಲಿನಿಕ್ ಇದೆ.

ಆ ಹುಡುಗ ಈಗ ಫೋನಿನಿಂದ ಆಟ ತೆಗೆದಿದ್ದಾನೆ. ಸಾಲ ಇನ್ನೂ ಇದೆ, ತಿಂಗಳು ತಿಂಗಳು ಕಟ್ಟುತ್ತಿದ್ದಾನೆ. ಎರಡು ಹಸು ಸಾಕಿದ್ದಾನೆ, ಡೈರಿ ದುಡ್ಡು ಅವ್ವನ ಖಾತೆಗೇ ಬರುತ್ತದೆ. ಇನ್ನೊಂದು ಬೋನಸ್ ಬಂದರೆ ಹೋದದ್ದನ್ನೆಲ್ಲ ವಾಪಸ್ ತರ್ತೀನಿ ಅನ್ನೋ ಮಾತು ಈಗ ಅವನ ಬಾಯಲ್ಲಿಲ್ಲ. ನಮಗೆ ಅವನ ಕೈಯಲ್ಲಿ ಈಗ ಒಂದು ಒರಿಜಿನಲ್ ಕಾಣುತ್ತಿದೆ.