ಪ್ರಶ್ನಾರ್ಥಕ ಚಿಹ್ನೆ ಹಾಕಿ ಬರೆದ ಸುದ್ದಿ

ಕೆರೆ ಹೂಳೆತ್ತುವಾಗ ಜೆಸಿಬಿ ಬಕೆಟ್‌ನಲ್ಲಿ ಏಳೆಂಟು ಮೂಳೆ ಚೂರುಗಳು ಬಂದವು. ಕಪ್ಪಗಾಗಿ, ತುದಿ ಸವೆದಿದ್ದವು. ಪೊಲೀಸರಿಗಿಂತ ಮೊದಲೇ ನಾನು ಅಲ್ಲಿದ್ದೆ. ಒಂದು ಚೂರನ್ನು ಕೈಯಲ್ಲೇ ಹಿಡಿದು ಫೋಟೊ ತೆಗೆದೆ. ಮರುದಿನ ಜಿಲ್ಲಾ ಪುಟದಲ್ಲಿ ನನ್ನ ಸುದ್ದಿ ಬಂತು: ‘ಕೆರೆಯಲ್ಲಿ ಮನುಷ್ಯನ ಮೂಳೆ?’ ಪ್ರಶ್ನಾರ್ಥಕ ಚಿಹ್ನೆ ಇದೆಯಲ್ಲ, ತಪ್ಪಾದರೂ ನನ್ನ ಮೇಲೆ ಬರುವುದಿಲ್ಲ ಅಂದುಕೊಂಡಿದ್ದೆ.

ಎರಡು ದಿನ ಬಿಟ್ಟು ಪಕ್ಕದೂರಿನ ವಯಸ್ಸಾದ ತಾಯಿಯೊಬ್ಬರು ಆ ಪುಟ ಮಡಚಿಕೊಂಡು ಠಾಣೆಗೆ ಬಂದರು. ಮಗ ಕಾಣೆಯಾಗಿ ನಾಲ್ಕು ವರ್ಷವಾಗಿತ್ತು. ಸುದ್ದಿ ಬರೆದವನು ನಾನೇ ಎಂದು ಗೊತ್ತಾಗಿ, “ಅವು ನನ್ ಮಗಂದೇನಪ್ಪಾ?” ಎಂದರು. ನನಗೆ ಬಾಯಿ ಬರಲಿಲ್ಲ.

ಇಡೀ ಮೂಳೆಯಾಗಿದ್ದರೆ ಆಕಾರ ನೋಡಿ ಹೇಳಬಹುದಿತ್ತು, ಈ ಚೂರುಗಳಲ್ಲಿ ಆಗದು ಎಂದರು ತಾಲ್ಲೂಕು ಆಸ್ಪತ್ರೆಯ ವೈದ್ಯರು. ಚೂರುಗಳು ಪ್ರಯೋಗಾಲಯಕ್ಕೆ ಹೋದವು. ಸುದ್ದಿ ಬರೆಯುವ ಮೊದಲು ತಿಳಿಯಬೇಕಿದ್ದನ್ನು ನಾನು ಆಮೇಲೆ ಓದಿದೆ.

ನೀರು, ಶಾಖ, ಆಮ್ಲೀಯ ಮಣ್ಣು, ಬ್ಯಾಕ್ಟೀರಿಯಾಗಳಿಂದ ಮೂಳೆಯ ಡಿಎನ್‌ಎ ತುಂಡುತುಂಡಾಗುತ್ತದೆ. ಜೀವಕೋಶದ ಕೇಂದ್ರದಲ್ಲಿರುವ ಡಿಎನ್‌ಎಗೆ ಎರಡೇ ಪ್ರತಿ. ಮೈಟೊಕಾಂಡ್ರಿಯದ ಡಿಎನ್‌ಎಗೆ ನೂರಾರು, ಸಾವಿರಾರು ಪ್ರತಿ. ಹಾಗಾಗಿ ಹಳೆಯ ಮೂಳೆಯಲ್ಲಿ ಅದು ಸಿಗುವ ಸಾಧ್ಯತೆ ಹೆಚ್ಚು. ಮೂಳೆ ಪುಡಿ ಮಾಡಿ ಡಿಎನ್‌ಎ ಬೇರ್ಪಡಿಸಿ, ಸೈಟೊಕ್ರೋಮ್ ಬಿ ಎಂಬಂಥ ಜೀನಿನ ಒಂದು ಚಿಕ್ಕ ಭಾಗವನ್ನು ಪಿಸಿಆರ್ ವಿಧಾನದಲ್ಲಿ ಲಕ್ಷಾಂತರ ಪಟ್ಟು ಹೆಚ್ಚಿಸುತ್ತಾರೆ. ಅದರ ಅಕ್ಷರಕ್ರಮವನ್ನು ಗೊತ್ತಿರುವ ಪ್ರಾಣಿಗಳ ಅಕ್ಷರಕ್ರಮದ ಜತೆ ಹೋಲಿಸುತ್ತಾರೆ. ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳಾದ ಎಸ್.ಕೆ. ವರ್ಮ ಮತ್ತು ಲಾಲ್‌ಜಿ ಸಿಂಗ್, ಇದಕ್ಕೆ ಬೇಕಾದ, ಬಹಳಷ್ಟು ಪ್ರಾಣಿಗಳಿಗೆ ಹೊಂದುವ ಪ್ರೈಮರ್‌ಗಳನ್ನು 2003ರಲ್ಲಿ ಪ್ರಕಟಿಸಿದ್ದರು.

ಓದುತ್ತಾ ಎರಡು ಸಂಗತಿ ಚುಚ್ಚಿದವು. ಬರಿಗೈಲಿ ಮುಟ್ಟಿದರೆ ಮುಟ್ಟಿದವರ ಡಿಎನ್‌ಎ ಮೂಳೆಗೆ ಅಂಟುತ್ತದೆ. ‘ಇದು ಮನುಷ್ಯನದೇ?’ ಎಂಬ ಪರೀಕ್ಷೆಗೆ ಹೋಗುವ ಮೂಳೆಯನ್ನು ನಾನು ಫೋಟೊಗಾಗಿ ಹಿಡಿದಿದ್ದೆ. ಇನ್ನೊಂದು, ಮೈಟೊಕಾಂಡ್ರಿಯದ ಡಿಎನ್‌ಎ ತಾಯಿಯಿಂದಲೇ ಬರುತ್ತದೆ. ಮೂಳೆ ಮನುಷ್ಯನದು ಅಂತಾಗಿದ್ದರೆ, ಹೋಲಿಸಿ ನೋಡಲು ಆ ತಾಯಿಯ ರಕ್ತವನ್ನೇ ಕೇಳಬೇಕಾಗುತ್ತಿತ್ತು.

ತಿಂಗಳುಗಳಾದ ಮೇಲೆ ವರದಿ ಬಂತು. ಕುರಿ ಮೂಳೆ.

ಡೆಸ್ಕ್‌ಗೆ ಫೋನ್ ಮಾಡಿದೆ. “ಕುರಿ ಮೂಳೆ ಏನ್ ಸುದ್ದಿರೀ?” ಎಂದರು. ಹಟ ಹಿಡಿದು ಮೂರು ಸಾಲು ಹಾಕಿಸಿದೆ. ಆ ತಾಯಿ ಅದನ್ನು ನೋಡುತ್ತಾರೆಂಬ ನಂಬಿಕೆ ಇರಲಿಲ್ಲ, ನಾನೇ ಅವರ ಮನೆಗೆ ಹೋದೆ. ಕೇಳಿ ಕೈ ಮುಗಿದರು. ಸ್ವಲ್ಪ ಹೊತ್ತು ಬಿಟ್ಟು, “ಹಂಗಾದ್ರೆ ಅವನೆಲ್ಲಿದಾನಪ್ಪಾ?” ಎಂದರು.

ಈಗ ಮೂಳೆ ಸಿಕ್ಕಿದೆ ಎಂದು ಯಾರಾದರೂ ಕರೆದರೆ ದೂರ ನಿಂತೇ ಫೋಟೊ ತೆಗೆಯುತ್ತೇನೆ. ‘ಮೂಳೆ ಪತ್ತೆ, ಯಾವ ಪ್ರಾಣಿಯದೆಂಬುದು ಪರೀಕ್ಷೆಯಿಂದ ತಿಳಿಯಬೇಕಿದೆ’ ಎಂದಷ್ಟೇ ಬರೆಯುತ್ತೇನೆ. ಅಂಥ ಸುದ್ದಿ ಒಳಪುಟದ ಮೂಲೆಗೆ ಹೋಗುತ್ತದೆ. ಹೋಗಲಿ.